ಎರಡನೆಯ ಚೂರು

ಹಿರೇಗಡದ ಬೀದಿಬೀದಿಯಲ್ಲಿ ಡಂಗುರ ಬಿತ್ತು: ದೊರೆ ಬಲ್ಲಮರಾಯನ ಮೂರು ಒಗಟು ಬಿಡಿಸಿದವನಿಗೆ ಅರಮನೆಯ ದ್ರಾಕ್ಷಿತೋಟ, ರಸದ ಮನೆ ಎರಡೂ ಸಿಗುತ್ತವೆ. ತಪ್ಪು ಹೇಳಿದವನಿಗೆ ಸೆರೆ, ಅಮಾವಾಸ್ಯೆಗೆ ತಲೆದಂಡ. ಯಾರೂ ಬಿಡಿಸದಿದ್ದರೆ ರಸದ ಮನೆಯ ಯಜಮಾನ ಚೌಡಪ್ಪನ ತಲೆಯೂ ಅಂದೇ ಉರುಳುತ್ತದೆ.

ತೋಟದಲ್ಲಿದ್ದ ಲಕ್ಕಣ್ಣನ ಕೈಯಿಂದ ಕುಡುಗೋಲು ಜಾರಿತು. ಚೌಡಪ್ಪ ಅವನ ಸೋದರಮಾವ, ಸಾಕಿದವನು.

ರಸದ ಮನೆಯಲ್ಲೊಂದು ಪದ್ಧತಿ. ಹಿಂಡಿದ ರಸವನ್ನು ಗುಡಾಣಕ್ಕೆ ತುಂಬಿ, ಗುಡಾಣವನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತು, ಬಾಯಿಗೆ ತೆಳುಬಟ್ಟೆ ಕಟ್ಟುತ್ತಾರೆ. ಹುದುಗುವ ರಸ ಒಳಗೆ ಗೊಣಗುತ್ತಿರುತ್ತದೆ. ದಿನಾ ಕಿವಿಯಿಟ್ಟು ಕೇಳಬೇಕು, ಪೂರ್ತಿ ಸುಮ್ಮನಾದ ಮೇಲೇ ಮೇಣ ಮೆತ್ತಬೇಕು. ಹೋದ ಸುಗ್ಗಿಯಲ್ಲಿ ಮಾವನಿಗೆ ಜ್ವರ. ಲಕ್ಕಣ್ಣನಿಗೆ ಕುಸ್ತಿ ನೋಡುವ ಅವಸರ. ಗೊಣಗುತ್ತಿದ್ದ ಗುಡಾಣಕ್ಕೇ ಮೇಣ ಮೆತ್ತಿ ಓಡಿದ, ಪುಣ್ಯಾತ್ಮ! ಹಬ್ಬದೂಟಕ್ಕೆಂದು ಅಗೆದು ತಂದಿಟ್ಟ ಆ ಗುಡಾಣ ದೊರೆಯ ಎದುರೇ ಸಿಡಿದು, ಒಂದು ಚೂರು ಅವನ ಎಡಗಣ್ಣನ್ನು ತೆಗೆಯಿತು. ಭಟರು ಬಂದಾಗ ಮಾವ, ಮುಚ್ಚಿದ್ದು ನಾನೇ ಎಂದುಬಿಟ್ಟ. ಲಕ್ಕಣ್ಣ ಪಕ್ಕದಲ್ಲೇ ಇದ್ದ, ತುಟಿ ಬಿಚ್ಚಲಿಲ್ಲ.

ಡಂಗುರ ಕೇಳಿದ ಲಕ್ಕಣ್ಣ ಸಭೆಗೆ ಹೋಗಿ ಹಿಂದೆ ನಿಂತ. ಮೊದಲು ಎದ್ದವನು ತೋಟದ ಮೇಲೆ ಕಣ್ಣಿಟ್ಟಿದ್ದ ಒಬ್ಬ ದೇಸಾಯಿ.

"ಕೊಯ್ದರೆ ಅಳುತ್ತದೆ, ಕೊಯ್ದಷ್ಟೂ ಕೊಡುತ್ತದೆ. ಏನದು?" ಎಂದ ದೊರೆ.

ದೇಸಾಯಿ ಮೀಸೆ ತಿರುವಿ ಈರುಳ್ಳಿ ಎಂದ. ಅಯ್ಯೋ ಮಾರಾಯ, ಅಲ್ಲಿ ಅಳುವವನು ಕೊಯ್ದವನಲ್ಲವೆ! ಅವನನ್ನು ಸೆರೆಗೆ ಎಳೆದರು. ಲಕ್ಕಣ್ಣನಿಗೆ ಉತ್ತರ ಗೊತ್ತಿತ್ತು, ಆದರೂ ಮುಂದೆ ಬರಲಿಲ್ಲ.

ಆಮೇಲೆ ಬಂದ ಶಾಸ್ತ್ರಿ ದ್ರಾಕ್ಷಿಬಳ್ಳಿ ಎಂದು ಮೊದಲನೆಯದನ್ನು ಗೆದ್ದ. ಸವರಿದ ಬಳ್ಳಿಯ ತುದಿಯಿಂದ ನೀರು ತೊಟ್ಟಿಕ್ಕುತ್ತದೆ, ಸವರಿದರೇ ಫಸಲು.

"ಕೆಳಗೆ ಬೆಂಕಿಯಿಲ್ಲ, ಆದರೂ ಕುದಿಯುತ್ತದೆ. ಬಾಯಿ ತೆರೆದಿದ್ದರೆ ಗೊಣಗುತ್ತದೆ, ಮುಚ್ಚಿದರೆ ಮನೆ ಒಡೆಯುತ್ತದೆ," ಎಂದು ದೊರೆ ಎರಡನೆಯದನ್ನು ಕೇಳಿದ.

ಶಾಸ್ತ್ರಿ, ಹೊಟ್ಟೆಕಿಚ್ಚು ಎಂದ. ಅವನೂ ಸೆರೆಗೆ ಹೋದ. ಇನ್ನು ಯಾರೂ ಏಳಲಿಲ್ಲ. ದೊರೆ ಚೌಡಪ್ಪನನ್ನು ಸೆರೆಯಿಂದ ಕರೆತರಲು ಹೇಳಿದ. ಬೇಡಿ ಎಳೆದುಕೊಂಡು ಬಂದ ಮಾವ ಅಳಿಯನನ್ನು ಕಂಡು, ಬೇಡ ಎಂದು ತಲೆಯಾಡಿಸಿದ. ಅದನ್ನು ನೋಡಿ ಲಕ್ಕಣ್ಣನಿಗೆ ತಡೆಯಲಾಗಲಿಲ್ಲ.

"ಮೊದಲನೆಯದು ಬಳ್ಳಿ, ದೊರೆ. ಎರಡನೆಯದು ಗುಡಾಣದಲ್ಲಿ ಹುದುಗುವ ರಸ."

ದೊರೆ ಒಂದೇ ಕಣ್ಣಲ್ಲಿ ಅವನನ್ನು ದಿಟ್ಟಿಸಿ ಮೂರನೆಯದನ್ನು ಕೇಳಿದ. "ಗುಡಾಣ ಸಿಡಿದಾಗ ಒಂದು ಚೂರು ನನ್ನ ಕಣ್ಣಿಗೆ ಬಿತ್ತು. ವೈದ್ಯರು ಅದನ್ನು ತೆಗೆದರು. ಯಾರೂ ತೆಗೆಯಲಾಗದ ಇನ್ನೊಂದು ಚೂರಿದೆ. ಎಲ್ಲಿದೆ?"

ಲಕ್ಕಣ್ಣ ಮಂಡಿಯೂರಿದ.

"ನನ್ನ ಎದೆಯಲ್ಲಿದೆ, ದೊರೆ. ಮೇಣ ಮೆತ್ತಿದವನು ನಾನು. ತಲೆ ನನ್ನದು ತಗೊಳ್ಳಿ, ಮಾವನನ್ನು ಬಿಡಿ."

ದೊರೆ ಅವನನ್ನು ಕೈಹಿಡಿದು ಎಬ್ಬಿಸಿದ. ಆಮೇಲೆ, ಜ್ವರದಲ್ಲಿ ಮಲಗಿದ್ದ ಮುದುಕ ಗುಡಾಣ ಮುಚ್ಚಿದನೆಂದು ತಾನು ಒಂದು ದಿನವೂ ನಂಬಿರಲಿಲ್ಲ, ಯಾರ ತಲೆಯನ್ನೂ ತೆಗೆಯುವ ಮನಸ್ಸಿರಲಿಲ್ಲ, ಈ ಒಬ್ಬನ ಬಾಯಿ ಬಿಡಿಸಲೆಂದೇ ಡಂಗುರ ಹೊಡೆಸಿದ್ದು ಎಂದ. ಸೆರೆಯವರನ್ನೆಲ್ಲ ಬಿಡಿಸಿದ. ಆಡಿದ ಮಾತಿನಂತೆ ತೋಟ, ರಸದ ಮನೆ ಲಕ್ಕಣ್ಣನಿಗೇ ಕೊಟ್ಟ.

ಮುಂದಿನ ಸುಗ್ಗಿಯಲ್ಲಿ ಮಾವ ಗುಡಾಣಕ್ಕೆ ಕಿವಿಯಿಟ್ಟು, "ಸುಮ್ಮನಾಯಿತು, ಮುಚ್ಚೋ" ಎಂದ. ಲಕ್ಕಣ್ಣ ತಾನೂ ಕಿವಿಯಿಟ್ಟ. ಮೇಣದುಂಡೆ ಕೈಯಲ್ಲೇ ಕರಗುತ್ತಿತ್ತು.

"ಇನ್ನೊಂದು ದಿನ ಇರಲಿ ಮಾವ," ಎಂದ.