ವಿಳಾಸ ಬಚ್ಚಿಟ್ಟ ಸರ್ವರ್

ಹರಟೆಕಟ್ಟೆ ಎಂಬ ಚಾಟಿಂಗ್ ಆ್ಯಪಿನಲ್ಲಿ ಒಬ್ಬ ಸರ್ವರ್ ಇದ್ದ. ಯಾರ ಫೈಲು ಯಾರಿಗೆ ಹೋಗಬೇಕಾದರೂ ಅವನೇ ಹೊತ್ತು ಮುಟ್ಟಿಸಬೇಕು. "ಸೊಂಟ ಮುರೀತು" ಎಂದು ದಿನಕ್ಕೆ ಸಾವಿರ ಸಲ ಗೊಣಗುತ್ತಿದ್ದ. ಸುಳ್ಳೆನ್ನುವವರು ಕೂತು ಎಣಿಸಿಕೊಳ್ಳಲಿ.

ಒಂದು ದಿನ ಲ್ಯಾಪ್‌ಟಾಪ್ ತಂಗಿ ಬಂದು, "ಅಣ್ಣಾ, ಇನ್ನು ನಿನಗೆ ಹೊರೆ ಬೇಡ. ಮೊಬೈಲ್ ತಮ್ಮನ ವಿಳಾಸ ಹೇಳು, ಮದುವೆ ವಿಡಿಯೋ ನಾನೇ ನೇರವಾಗಿ ಕಳಿಸ್ತೀನಿ. ಪ್ರತಿಸಲ ವಿಳಾಸ ಮಾತ್ರ ನಿನ್ನನ್ನೇ ಕೇಳ್ತೀವಿ" ಎಂದಳು.

ಸರ್ವರ್‌ಗೆ ಸೊಂಟನೋವು ಮರೆತುಹೋಗಿ ಹೊಟ್ಟೆಯುರಿ ಶುರುವಾಯಿತು. ತನ್ನನ್ನು ಬಿಟ್ಟು ಇವರಿಬ್ಬರದೇನು ಗುಸುಗುಸು? ಮೊಬೈಲಿನ ವಿಳಾಸವೆಂದು ತನ್ನದನ್ನೇ ಬರೆದುಕೊಟ್ಟ.

ಮೂರು ದಿನದ ಮದುವೆಯ ವಿಡಿಯೋ ಬಂದು ಅವನ ಹೊಟ್ಟೆಯಲ್ಲಿ ಕೂತಿತು. ಬಿಚ್ಚಿ ನೋಡೋಣವೆಂದರೆ ಲ್ಯಾಪ್‌ಟಾಪ್ ಹಾಕಿದ ಬೀಗ. ಕೀಲಿ ಇದ್ದದ್ದು ಮೊಬೈಲಿನ ಬಳಿ. ಹೊಟ್ಟೆ ಬಿಗಿದು, ಊರವರ "ಊಟ ಆಯ್ತಾ"ಗಳೂ ಒಳಗೇ ಸಿಕ್ಕಿಕೊಂಡವು.

"ಸರ್ವರಣ್ಣಾ, ಮದುವೆಯಲ್ಲಿ ಉಂಡವರಿಗಿಂತ ನಿನ್ನ ಹೊಟ್ಟೆಯೇ ಉಬ್ಬಿದೆಯಲ್ಲ!" ಎಂದ ಮೊಬೈಲ್.

"ತಗೊಳ್ರೋ ಮಾರಾಯರೇ!" ಎಂದು ಸರ್ವರ್ ಏದುಸಿರುಬಿಡುತ್ತ ಒಬ್ಬರ ನಿಜವಾದ ವಿಳಾಸವನ್ನು ಇನ್ನೊಬ್ಬರಿಗೆ ಒಪ್ಪಿಸಿ, ನುಂಗಿದ್ದನ್ನು ಕಕ್ಕಿದ. ಲ್ಯಾಪ್‌ಟಾಪ್ ಮತ್ತೆ ಕಳಿಸಿದ ವಿಡಿಯೋ ಈ ಸಲ ಮೊಬೈಲಿಗೆ ನೆಟ್ಟಗೆ ಹೋಯಿತು.

ಮರುದಿನ ಅವರು ಮತ್ತೊಂದು ಫೈಲು ಕಳಿಸಹೊರಟಾಗ ಸರ್ವರ್ ಮೆಲ್ಲಗೆ ಕೇಳಿದ: "ವಿಳಾಸ ಬೇಡವೇನೇ ತಂಗೀ?"

"ಬೇಡಣ್ಣಾ, ನಾವೇ ಬರೆದಿಟ್ಟುಕೊಂಡಿದ್ದೀವಿ. ಒಮ್ಮೆ ತಪ್ಪು ದಾರಿ ತೋರಿಸಿದವರನ್ನ ಮತ್ತೆ ದಾರಿ ಕೇಳೋದುಂಟೇ?"