ಲೇತಿಗೆ ಸಿಕ್ಕ ಶಾಲು

ನದಿ ದಂಡೆಯ ಆ ಮಠದಲ್ಲಿ ಗಂಟೆಯ ಸದ್ದಿಗಿಂತ ಕಬ್ಬಿಣ ಕಡೆಯುವ ಲೇತ್ ಯಂತ್ರದ ಸದ್ದೇ ಹೆಚ್ಚು. ಗುರು ಚನ್ನಯ್ಯಜ್ಜನವರು ಹಿಂದೆ ಕಾರ್ಖಾನೆಯಲ್ಲಿ ಅದೇ ಯಂತ್ರ ನಡೆಸುವ ಟರ್ನರ್ ಆಗಿದ್ದವರು. ಸುತ್ತಲಿನ ಹಳ್ಳಿಗಳ ನೀರಿನ ಪಂಪು ಕೆಟ್ಟರೆ, ಸವೆದ ಭಾಗವನ್ನು ಹೊಸದಾಗಿ ಕಡೆದು ಕೊಡುತ್ತಿದ್ದರು.

ಶಿಷ್ಯ ಧೂಳಪ್ಪನಿಗೆ ನಲವತ್ತು ದಾಟಿತ್ತು. ಮಠಕ್ಕೆ ಬಂದ ಆರು ವರ್ಷದಲ್ಲಿ ಒಮ್ಮೆಯೂ ಗುರುವಿನೆದುರು ದನಿ ಎತ್ತಿದವನಲ್ಲ. ಅಜ್ಜನವರು ಮರೆತು ತಪ್ಪು ಅಳತೆ ಹೇಳಿದರೂ ಹಾಗೆಯೇ ಕಡೆದುಬಿಡುತ್ತಿದ್ದ.

"ತಪ್ಪಂತ ಗೊತ್ತಿತ್ತೇನು?"

"ಗೊತ್ತಿತ್ರಿ, ಅಜ್ಜಾರ."

"ಮತ್ತ್ಯಾಕ ಹೇಳಲಿಲ್ಲ?"

"ನಿಮಗ ನಾ ಹೆಂಗ ಹೇಳ್ಲಿ?"

ಅಜ್ಜನವರು ಆ ಕೆಟ್ಟ ತುಂಡನ್ನು ಅವನ ಕೈಯಲ್ಲಿಟ್ಟು ಹೋಗಿಬಿಡುತ್ತಿದ್ದರು.

ಆ ವರ್ಷ ಚಳಿ ಜೋರಾಗಿ ಬಂತು. ಯಂತ್ರದೊಳಗಿನ ಎಣ್ಣೆ ಹೆಪ್ಪುಗಟ್ಟಿದಂತೆ ಗಟ್ಟಿಯಾಗುತ್ತಿತ್ತು. ಬೆಳಿಗ್ಗೆ ಬಂದವನೇ ಧೂಳಪ್ಪ ಲೇತನ್ನು ಖಾಲಿಯಾಗಿಯೇ ಮೆಲ್ಲಗೆ ಓಡಿಸುತ್ತಿದ್ದ. ಅದು ಮೈ ಬಿಸಿ ಮಾಡಿಕೊಂಡ ಮೇಲೆಯೇ ಕೆಲಸ. ಕೈ ಎಷ್ಟು ಕೊರೆದರೂ ಅಂಗಿಯ ತೋಳು ಮಡಚಿಯೇ ಇರಬೇಕು. ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಹತ್ತಿರ ಜೋತಾಡುವ ಬಟ್ಟೆ ಕೂಡದು. ಅದನ್ನು ಕಲಿಸಿದವರು ಅಜ್ಜನವರೇ.

ಒಂದು ದಿನ ಪಟ್ಟಣದಿಂದ ನಾಲ್ಕು ಜನ ಭಕ್ತರು ಬಂದರು. ಅಜ್ಜನವರಿಗೆ ದೊಡ್ಡದೊಂದು ಉಣ್ಣೆಯ ಶಾಲು ಹೊದಿಸಿದರು. ಮುದಿ ಮೈಗೆ ಅದು ಹಿತವಾಯಿತು. ಅವರು ಅದನ್ನು ಹೊದ್ದುಕೊಂಡೇ ಭಕ್ತರನ್ನು ಯಂತ್ರ ತೋರಿಸಲು ಕರೆತಂದರು.

ಧೂಳಪ್ಪ ಆಗಷ್ಟೇ ವೇಗ ಹೆಚ್ಚಿಸಿದ್ದ.

"ಎಣ್ಣಿ ಸಡ್ಲಾತೇನೋ?" ಎನ್ನುತ್ತ ಅಜ್ಜನವರು ಯಂತ್ರದ ಬಿಸಿ ನೋಡಲು ಅಂಗೈ ಚಾಚಿ ಬಗ್ಗಿದರು. ಶಾಲಿನ ಸೆರಗು ಭುಜದಿಂದ ಜಾರಿತು.

"ಅಜ್ಜಾರ..." ಎಂದ ಧೂಳಪ್ಪ. ಆ ದನಿ ಅವನ ಕಿವಿಗೇ ಕೇಳಲಿಲ್ಲ.

ಸೆರಗು ತಿರುಗುವ ಚಕ್ಕಿನತ್ತ ಇನ್ನೂ ಇಳಿಯಿತು.

"ಏ ಮುದುಕಾ! ಸರಿಯೋ ಹಿಂದ!"

ಒಂದು ಕೈ ಸ್ವಿಚ್ಚಿಗೆ ಬಡಿಯಿತು. ಇನ್ನೊಂದು ಕೈ ಗುರುವಿನ ಕುತ್ತಿಗೆಯ ಹಿಂಭಾಗ ಹಿಡಿದು ಎಳೆಯಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಶಾಲು ಮಾತ್ರ ಸರ್ರನೆ ಹೋಗಿ ಚಕ್ಕಿಗೆ ಸುತ್ತಿಕೊಂಡು, ಹರಿದು, ನಿಂತಿತು.



ಧೂಳಪ್ಪ ಅಜ್ಜನವರ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಒಂದೊಂದೇ ಬೆರಳು ಮುಟ್ಟಿ ನೋಡಿದ. ಹತ್ತೂ ಇದ್ದವು. ಕುತ್ತಿಗೆ ನೋಡಿದ, ಭುಜ ನೋಡಿದ. ತರಚಿದ ಗಾಯವೂ ಇರಲಿಲ್ಲ. ತಡೆಹಿಡಿದಿದ್ದ ಉಸಿರು ಅಳುವಾಗಿ ಹೊರಬಂತು.

"ಗುರುಗಳ ಕುತ್ತಿಗೆಗೇ ಕೈ ಹಾಕಿದನಲ್ಲ ಇವನು!" ಎಂದ ಭಕ್ತನೊಬ್ಬ. "ಬಾಯಿಗೆ ಬಂದಂತೆ ಬೇರೆ ಅಂದ!"

ಆಗ ಧೂಳಪ್ಪನಿಗೆ ತಾನು ಏನೆಂದೆ ಎಂಬುದು ನೆನಪಾಯಿತು. ಅವನು ಅಜ್ಜನವರ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ತಪ್ಪಾತ್ರಿ ಅಜ್ಜಾರ. ಹೊಟ್ಟ್ಯಾಗ ಹಾಕ್ಕೋರಿ."

ಅಜ್ಜನವರು ನೆಲದ ಮೇಲೆ ಕೂತಲ್ಲೇ ನಕ್ಕರು. ಕಣ್ಣಲ್ಲಿ ನೀರಾಡುವವರೆಗೂ ನಕ್ಕರು. ಆಮೇಲೆ ಶಿಷ್ಯನ ತಲೆ ಸವರಿದರು.

"ಕಾಲು ಬಿಡೋ ಧೂಳ್ಯಾ. ಎಲ್ಲಿ ಹಿಡೀಬೇಕಾಗಿತ್ತೋ ಅಲ್ಲಿ ಆಗಲೇ ಹಿಡದಿ."