ಅಂಕಣಕ್ಕೆ ಬೆನ್ನು ಹಾಕಿ ಕೂತ ಜವರಪ್ಪ ಮೇಷ್ಟ್ರು

ಒಪ್ಪಂದ ಇಷ್ಟೇ. ಈ ಸಲದ ಕಬಡ್ಡಿ ಕಪ್ ಬಂದರೆ ಬೆಲ್ಲದ ಮಂಡಿಯ ಹಿಂದಿನ ಹತ್ತು ಗುಂಟೆ ಅಂಗಳ ಕಬಡ್ಡಿ ತಂಡಕ್ಕೆ, ಶಾಶ್ವತವಾಗಿ. ಬರದಿದ್ದರೆ ಅದೇ ಜಾಗದಲ್ಲಿ ಬೆಲ್ಲದ ಗೋದಾಮು ಏಳುತ್ತದೆ. ಮೇಲೊಂದು ಷರತ್ತು: ಫೈನಲ್ ದಿನ ತಂಡದ ಕೋಚ್ ಮೈದಾನದ ಕಡೆ ತಲೆ ಹಾಕಬಾರದು.

ಇದೆಂಥ ಷರತ್ತು ಎಂದು ನೀವು ಕೇಳಬಹುದು. ಊರೆಲ್ಲ ಕೇಳಿತ್ತು. ಆದರೆ ಹಾಕಿದವರು ಗವಿರಂಗಶೆಟ್ಟರು. ಬೆಲ್ಲದ ಅಚ್ಚು ಮುರಿದು ಒಳಗಿನ ಬಣ್ಣ ನೋಡದೆ ಬೆಲೆ ಹೇಳಿದವರಲ್ಲ ಅವರು. ಮಂಡಿಯೂ ಅಂಗಳವೂ ಅವರದು. ಅಲ್ಲಿ ಮಣ್ಣು ಹದ ಮಾಡಿ, ಗೆರೆ ಹಾಕಿ, ಮಂಡಿಯ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದವರು ಜವರಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತಿಯಾದವರು.

ಮೇಷ್ಟ್ರಿಗೆ ವಯಸ್ಸಾಗುತ್ತಿತ್ತು. ಒಂದು ಬೆಳಿಗ್ಗೆ ಶೆಟ್ಟರ ಗದ್ದುಗೆಯ ಎದುರು ಬಂದು ಕೂತು ಕೇಳಿದರು.

"ಶೆಟ್ರೇ, ಅಂಗಳಾನ ಹುಡುಗರ ಹೆಸರಿಗೆ ಮಾಡಿಕೊಡಿ. ನಾನಿನ್ನು ಎಷ್ಟು ದಿನ ಇರ್ತೀನೋ."

"ಅದೇ ನನ್ನ ಪ್ರಶ್ನೇನೂ ಮೇಷ್ಟ್ರೇ. ನೀವು ಹೋದ ಮೇಲೆ ಆಟ ನಿಂತರೆ ನನ್ನ ಜಾಗದಲ್ಲಿ ಪಾರ್ಥೇನಿಯಂ ಬೆಳೀತದೆ."

"ನಿಲ್ಲಲ್ಲ. ನಡೀತದೆ."

"ನಡೀತದೆ ಅಂತ ಎಲ್ಲರೂ ಹೇಳ್ತಾರೆ. ತೋರಿಸಿ. ಈ ಸಲ ಫೈನಲ್ ದಿನ ನೀವು ಇಲ್ಲೇ ನನ್ನ ಮಂಡೀಲಿ ಕೂತಿರಿ. ಹುಡುಗರು ಗೆದ್ದು ಬಂದರೆ ಮಾರನೇ ದಿನವೇ ನೋಂದಣಿ."

ಮೇಷ್ಟ್ರು ಯೋಚಿಸುತ್ತಾರೆ, ಗೊಣಗುತ್ತಾರೆ, ಒಂದಿಷ್ಟು ಚೌಕಾಸಿ ಮಾಡುತ್ತಾರೆ ಎಂದು ಶೆಟ್ಟರು ಕಾದರು. ಮೇಷ್ಟ್ರು "ಆಗಲಿ" ಎಂದು ಎದ್ದು ಹೋದರು. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ವ್ಯಾಪಾರಿಗೆ ಒಳಗೊಳಗೇ ಭಯ.

ಸುದ್ದಿ ಮಂಡಿಯ ಎದುರಿನ ಕಾಫಿ ಹೋಟೆಲಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಅಲ್ಲಿ ಕಬಡ್ಡಿ ಪಂದ್ಯಗಳ ಕಾಲದಲ್ಲಿ ಕಾಫಿಗಿಂತ ಮಾತು ಬಿಸಿ. ಈ ಸಲ ಕಪ್ ಯಾರಿಗೆ ಎಂಬುದೇ ವಾದ. ಹೊಳೆಯಾಚೆಯವರಿಗೆ ಮೈಬಲ ಇದೆ, ತಾಳ್ಮೆ ಇಲ್ಲ. ಕಾಲೇಜಿನವರಿಗೆ ಓಟ ಇದೆ, ದಮ್ಮು ಸಾಲದು. ಕೊನೆಗೆ ಉಳಿಯುವುದು ಎರಡೇ: ಸಕ್ಕರೆ ಕಾರ್ಖಾನೆಯ ತಂಡ, ನಮ್ಮ ಮಂಡಿ ತಂಡ. ಇಷ್ಟಕ್ಕೆ ಎಲ್ಲರೂ ಒಪ್ಪುತ್ತಿದ್ದರು. ಮುಂದಕ್ಕೆ ಯಾರೂ ಒಪ್ಪುತ್ತಿರಲಿಲ್ಲ.

ಟೈಲರ್ ರಹಮತ್ ಕಾರ್ಖಾನೆಯ ಕಡೆ. ಹಮಾಲಿ ಬೋರಯ್ಯ ಮಂಡಿಯ ಕಡೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ವರ್ಷಗಟ್ಟಲೆ ಜಗಳವಾಡಿದವರು.

"ಕಾರ್ಖಾನೆ ಕೋಚ್ ಮೋಹನ್‌ರಾಜ್ ನೋಡಪ್ಪ," ಅಂದ ರಹಮತ್. "ಗೆರೆ ಪಕ್ಕ ನಿಂತು ಒಂದೊಂದು ರೈಡಿಗೂ ಹೇಳಿಕೊಡ್ತಾನೆ. ಎಡಕ್ಕೆ ಹೋಗು, ಕಾಲು ಹಿಡಿ, ವಾಪಸ್ ಬಾ. ಅದು ಕೋಚು. ನಿಮ್ಮ ಮೇಷ್ಟ್ರು ಏನು ಮಾಡ್ತಾರೆ? ಕುರ್ಚಿ ತಿರುಗಿಸಿ ಅಂಕಣಕ್ಕೆ ಬೆನ್ನು ಹಾಕಿ ಕೂತ್ಕೋತಾರೆ. ಮದುವೆ ಮನೇಲಿ ಕೋಪ ಮಾಡ್ಕೊಂಡ ಭಾವನ ಹಂಗೆ."

ಹೋಟೆಲೆಲ್ಲ ನಕ್ಕಿತು. ಆ ಮಾತು ಸುಳ್ಳಾಗಿರಲಿಲ್ಲ. ಆಟ ಶುರುವಾಗುವ ತನಕ ಮೇಷ್ಟ್ರು ಹುಡುಗರ ಬೆನ್ನು ಬಿಡುತ್ತಿರಲಿಲ್ಲ. ಶುರುವಾದ ಮೇಲೆ ತಿರುಗಿಯೂ ನೋಡುತ್ತಿರಲಿಲ್ಲ. ಅಷ್ಟೇ ಅಲ್ಲ, ಅವರ ತಂಡದಲ್ಲಿ ಔಟಾದವನೂ ಹಾಗೇ ಕೂರಬೇಕು. ಕಬಡ್ಡಿಯಲ್ಲಿ ಔಟಾದವನು ಸತ್ತ ಹಾಗೆ. ಜೊತೆಯವನೊಬ್ಬ ಎದುರಾಳಿಯನ್ನು ಮುಟ್ಟಿ ಬಂದರೆ ಮತ್ತೆ ಜೀವ ಬಂದು ಒಳಗೆ ಹೋಗುತ್ತಾನೆ. ಅಲ್ಲಿಯವರೆಗೆ ಮಂಡಿ ಹುಡುಗರು ಅಂಕಣಕ್ಕೆ ಬೆನ್ನು ಕೊಟ್ಟು ಬೇಲಿ ನೋಡುತ್ತಾ ಕೂತಿರುತ್ತಿದ್ದರು. ಮೇಷ್ಟ್ರಿಗೆ ಸೋಲು ನೋಡುವ ಧೈರ್ಯವಿಲ್ಲ ಎಂದರು ಕೆಲವರು. ಹರಕೆ ಎಂದರು ಇನ್ನು ಕೆಲವರು. ನಿದ್ದೆ ಎಂದವರೂ ಇದ್ದರು.

"ಬೆನ್ನು ಹಾಕಿಯೇ ಆರು ಕಪ್ ತಂದವ್ರೆ," ಅಂದ ಬೋರಯ್ಯ.

"ತಂದಿದ್ದು ಹುಡುಗರು. ಸಿದ್ದರಾಜು ಅಂಥ ಕ್ಯಾಪ್ಟನ್ ಇದ್ದರೆ ನಾನೂ ಕೋಚೇ. ಈ ಸಲ ಬೆನ್ನೂ ಇರಲ್ಲ, ಕುರ್ಚೀನೂ ಇರಲ್ಲ. ನೋಡೋಣ."

ಬೋರಯ್ಯ ಲೋಟ ಕುಕ್ಕಿದ. ಕಾಫಿ ಉಳಿಸಿ ಎದ್ದು ಹೋದ.

ಫೈನಲ್ ಬಂದದ್ದು ಶುಕ್ರವಾರ, ಸಂತೆಯ ದಿನ. ಮಂಡಿಯ ಕೂಗಳತೆಯಲ್ಲೇ ಹೈಸ್ಕೂಲ್ ಮೈದಾನ. ಎದುರಾದವರು, ಎಲ್ಲರೂ ಎಣಿಸಿದಂತೆ, ಕಾರ್ಖಾನೆಯವರು. ಶೆಟ್ಟರು ಗದ್ದುಗೆ ಬಿಟ್ಟು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಮೇಷ್ಟ್ರು ಬಂದು ಮಂಡಿಯ ಜಗುಲಿಯಲ್ಲಿ ಕೂತರು. ಮಾತಿನಂತೆ.

ಮೊದಲರ್ಧ ಕಾರ್ಖಾನೆಯದು. ಅವರ ರೈಡರ್ ಭರತೇಶ ಒಳಗೆ ಬಂದರೆ ಚಿರತೆ ಬಂದ ಹಾಗೆ. ಮೋಹನ್‌ರಾಜ್ ಗೆರೆಯಾಚೆ ಓಡಾಡುತ್ತ ಕೂಗುತ್ತಿದ್ದ. ಅವನು ಕೂಗಿದಂತೆ ಕಾಲು ಎದ್ದವು, ಕೈ ಚಾಚಿದವು. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಮಂಡಿ ತಂಡ ಏಳು ಪಾಯಿಂಟ್ ಹಿಂದೆ. ಸಿದ್ದರಾಜುವನ್ನೂ ಸೇರಿಸಿ ನಾಲ್ವರು ಔಟು. ಒಳಗೆ ಉಳಿದವರು ಮೂವರು.

ಬೋರಯ್ಯ ತಡೆಯಲಾರದೆ ಮಂಡಿಗೆ ಓಡಿದ. ಹಿಂದೆ ನೋಡಿದರೆ ರಹಮತ್ತೂ ಓಡಿ ಬರುತ್ತಿದ್ದಾನೆ.

"ನೀನ್ಯಾಕಲಾ ಬಂದೆ?"

"ಸತ್ತ ತಂಡಾನ ಸೋಲಿಸಿದರೆ ನಮಗೇನಪ್ಪ ಮರ್ಯಾದೆ," ಅಂದ ರಹಮತ್, ಏದುಸಿರು ಬಿಡುತ್ತ.

ಜಗುಲಿಯ ಮೇಲೆ ಮೇಷ್ಟ್ರು ಕಡಲೆಕಾಯಿ ಬಿಡಿಸುತ್ತಿದ್ದರು. ಬೋರಯ್ಯ ಕೈ ಮುಗಿದ.

"ಮೇಷ್ಟ್ರೇ, ಒಂದು ಸಲ ಬಂದು ಬೇಲಿ ಹತ್ರ ನಿಂತ್ಕೊಳ್ಳಿ ಸಾಕು. ನಿಮ್ಮ ಮುಖ ಕಂಡ್ರೆ ಹುಡುಗರು ಎದ್ದು ಕೂರ್ತಾರೆ. ಷರತ್ತು ಮುರಿದ್ರೆ ಮುರೀಲಿ, ಅಂಗಳ ಹೋದ್ರೆ ಹೋಗ್ಲಿ, ಕಪ್ಪಾದ್ರೂ ಉಳೀತದೆ."

"ಸಿದ್ದರಾಜು ಇದ್ದಾನಾ?"

"ಔಟಾದ."

"ಯಾವ ಕಡೆ ಮುಖ ಮಾಡ್ಕೊಂಡು ಕೂತವ್ನೆ?"

ಬೋರಯ್ಯ ತಬ್ಬಿಬ್ಬಾದ. "ಯಾವ ಕಡೆ ಅಂದ್ರೆ... ಬೇಲಿ ಕಡೆ. ನೀವು ಹೇಳಿಕೊಟ್ಟಂಗೆ. ಬೆನ್ನು ಹಾಕಿ ಕೂತವ್ನೆ. ನಾಲ್ಕೂ ಜನ ಹಂಗೇ."

"ಹಂಗಾದ್ರೆ ಆಟ ಇನ್ನೂ ಮುಗಿದಿಲ್ಲ. ಹೋಗಿ ನೋಡಿ."

"ನೀವು ಬಂದ್ರೆ ಏನಾಗ್ತಿತ್ತು ಮೇಷ್ಟ್ರೇ," ರಹಮತ್ ಬಿಡಲಿಲ್ಲ.

ಮೇಷ್ಟ್ರು ಸಿಪ್ಪೆ ಕೊಡವಿದರು. "ಬಂದ್ರೆ ಅವರು ನನ್ನ ಕಡೆ ನೋಡ್ತಾರೆ ಕಣಯ್ಯ. ರೈಡಿನ ನಡುವೆ ಆಚೆ ನೋಡಿದವನ ಕಾಲು ಎದುರಾಳಿ ಕೈಗೆ. ಒಂದು ನೋಟ ಸಾಕು. ಅದಕ್ಕೇ ನಾನೂ ತಿರುಗಿ ಕೂತೆ, ಔಟಾದವರನ್ನೂ ತಿರುಗಿಸಿ ಕೂರಿಸಿದೆ. ನೋಡೋಕೆ ಮುಖ ಇಲ್ಲದಿದ್ರೆ ಒಳಗಿರೋನು ತನ್ನ ತಲೆ ತಾನೇ ಓಡಿಸಬೇಕು. ಈಗ ನಾನು ಹೋಗಿ ನಿಂತ್ರೆ ಇಷ್ಟು ವರ್ಷ ಕಲಿಸಿದ್ದನ್ನ ನಾನೇ ಅಳಿಸಿದಂಗೆ. ಮುಂದಿನ ವರ್ಷ ನನ್ನನ್ನ ಎಲ್ಲಿಂದ ತರ್ತೀರಿ?"

ಇಬ್ಬರೂ ವಾಪಸ್ ಓಡಿದರು.

ಮುಂದೆ ನಡೆದದ್ದನ್ನು ಶೆಟ್ಟರು ಹತ್ತಿರದಿಂದ ನೋಡಿದರು. ಕ್ಯಾಪ್ಟನ್ ಇಲ್ಲದ ಅಂಕಣದಲ್ಲಿ ಮೂಲೆಯ ಪಾಪಣ್ಣ, ಎಲ್ಲರಿಗಿಂತ ಕುಳ್ಳ, ಜೊತೆಯವನ ಕೈ ಒತ್ತಿದ. ಒತ್ತಿದ್ದೇ ಆಜ್ಞೆ. ಕೈ ಕೈ ಹಿಡಿದ ಸರಪಳಿ ಎಡಕ್ಕೆ ಸರಿಯಿತು, ರೈಡರ್ ಸಿಕ್ಕಿಬಿದ್ದ. ಮುಂದಿನ ರೈಡಿನಲ್ಲಿ ಪಾಪಣ್ಣ ಔಟಾದ. ಹೋಗಿ ಬೆನ್ನು ಹಾಕಿ ಕೂತ. ಕ್ಷಣವೂ ತಡವಾಗಲಿಲ್ಲ, ಇನ್ನೊಬ್ಬ ಕೈ ಒತ್ತತೊಡಗಿದ. ಯಾರೂ ಅವನನ್ನು ನೇಮಿಸಿರಲಿಲ್ಲ. ಒಬ್ಬ ಮುಟ್ಟಿ ಬಂದ, ಹೊರಗಿನವನೊಬ್ಬ ಜೀವ ಪಡೆದು ಎದ್ದು ಬಂದ. ಮತ್ತೊಬ್ಬ ಬಂದ. ಬಂದವನು ಏನಾಯಿತು ಎಂದು ಕೇಳಲಿಲ್ಲ. ಸರಪಳಿಗೆ ಕೈ ಕೊಟ್ಟು ನಿಂತ. ಎದುರಿನ ಏಳೂ ಜನ ಒಬ್ಬೊಬ್ಬರಾಗಿ ಖಾಲಿಯಾದರು. ಅದಕ್ಕೆ ಎರಡು ಪಾಯಿಂಟ್ ಹೆಚ್ಚಿಗೆ ಸಿಕ್ಕವು.

ಮಂಡಿಯ ಈ ಏಳು ಹುಡುಗರಲ್ಲಿ ಕ್ಯಾಪ್ಟನ್ ಯಾರು ಎಂದು ಶೆಟ್ಟರು ಹುಡುಕಿದರು. ಒಂದೊಂದು ರೈಡಿಗೆ ಒಬ್ಬೊಬ್ಬ ಕಂಡ. ಜೀವಮಾನವೆಲ್ಲ ಸರಕು ನೋಡಿದ ಮನುಷ್ಯ. ಇಂಥ ಸರಕು ನೋಡಿರಲಿಲ್ಲ.

ಪಾಯಿಂಟ್ ಸಮ ಆಯಿತು. ಕೊನೆಯ ರೈಡು ಕಾರ್ಖಾನೆಯದು. ಭರತೇಶ ಗೆರೆ ದಾಟಿ ಬಂದ. ಒಳಗೆ ನಾಲ್ವರು, ಹೊರಗೆ ಮೂವರು, ಸಿದ್ದರಾಜು ಮತ್ತೆ ಅವರಲ್ಲೊಬ್ಬ. ಮೈದಾನದ ಕೂಗು ಕಿವಿ ಒಡೆಯುವಷ್ಟು. ಮೋಹನ್‌ರಾಜ್ ಎರಡೂ ಕೈ ಬಾಯಿಗಿಟ್ಟು ಏನೋ ಅರಚಿದ. ಮುಟ್ಟು ಎಂದನೋ, ವಾಪಸ್ ಬಾ ಎಂದನೋ, ಆ ಗದ್ದಲದಲ್ಲಿ ದೇವರಿಗೂ ಕೇಳಿಸಿರಲಾರದು. ಭರತೇಶನಿಗೂ ಕೇಳಿಸಲಿಲ್ಲ.

ಕೇಳಿಸಲಿಲ್ಲವೆಂದು ಅವನು ಕೋಚಿನ ಕಡೆ ಕಣ್ಣು ಹೊರಳಿಸಿದ.

ಪಾಪಣ್ಣ ಅವನ ಕಾಲಿಗೆ ಬಿದ್ದ. ಹಿಮ್ಮಡಿ ಸಿಕ್ಕಿತು. ಉಳಿದ ಮೂವರು ಮೇಲೆ ಬಿದ್ದರು. ಧೂಳು ಎದ್ದಿತು, ಕಬಡ್ಡಿ ಕಬಡ್ಡಿ ಎಂಬ ದನಿ ಗಂಟಲಲ್ಲೇ ನಿಂತಿತು.

ಆಗ ಶೆಟ್ಟರ ಕಣ್ಣು ಹೋದದ್ದು ಹೊರಗಿನ ಮೂವರ ಕಡೆಗೆ. ಸಾವಿರ ಜನ ಎದ್ದು ನಿಂತಿದ್ದಾರೆ. ಆ ಮೂವರು ಮಾತ್ರ ಬೇಲಿ ನೋಡುತ್ತಾ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಾರೆ. ಸೀಟಿ ಊದುವವರೆಗೂ ಒಬ್ಬನೂ ಕತ್ತು ತಿರುಗಿಸಲಿಲ್ಲ. ಒಳಗಿರುವವರ ಮೇಲೆ ಅಷ್ಟು ನಂಬಿಕೆ. ಶೆಟ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಯಾಕೆ ತೆಗೆದರು ಎಂದು ಅವರಿಗೇ ಗೊತ್ತಿರಲಿಲ್ಲ.

ದಾರಿಯಲ್ಲಿ ಜಗಳ ಆಗಲೇ ಶುರುವಾಗಿತ್ತು.

"ಇದು ಮೇಷ್ಟ್ರ ಗೆಲುವು ಹೆಂಗಾಯ್ತು? ಅವರು ಬಂದೇ ಇಲ್ವಲ್ಲ," ಅಂದ ರಹಮತ್.

"ಬರದೇ ಗೆಲ್ಸಿದ್ರಲ್ಲ, ನಿಮ್ಮೋನು ಬಂದು ಸೋಲ್ಸಿದ," ಅಂದ ಬೋರಯ್ಯ.

ರಹಮತ್ ಬೋರಯ್ಯನ ಹೆಗಲ ಮೇಲೆ ಕೈ ಹಾಕಿದ. "ಇವತ್ತಿನ ಕಾಫಿ ನಂದು ಬಿಡು," ಅಂದ.

ಶೆಟ್ಟರು ನೇರ ಮಂಡಿಗೆ ಬಂದರು. ಮೇಷ್ಟ್ರು ಅಲ್ಲೇ ಇದ್ದರು.

"ಯಾರು ಗೆದ್ದರು ಅಂತಲೂ ಕೇಳಲ್ವಲ್ಲ ಮೇಷ್ಟ್ರೇ."

"ಕಾರ್ಖಾನೆಯವರು ಬೆಳಿಗ್ಗೇನೇ ಪಟಾಕಿ ತಂದಿಟ್ಟಿದ್ರು. ಹೊಡೆದ ಸದ್ದು ಬರಲಿಲ್ಲ."

ಶೆಟ್ಟರು ನಕ್ಕರು. "ನಾಳೆ ನೋಂದಣಿ. ಮಾತು ಮಾತೇ. ಹತ್ತು ಗುಂಟೆ ಹೋಯ್ತು, ಆದರೆ ಮೋಸ ಹೋಗಿಲ್ಲ ಅನ್ನಿಸ್ತಿದೆ."

"ಹೋಗಲಿ, ಮೊದಲು ಅವರನ್ನ ವಿಚಾರಿಸಿ," ಎಂದು ಮೇಷ್ಟ್ರು ಬಾಗಿಲ ಕಡೆ ತೋರಿಸಿದರು.

ಬಾಗಿಲಲ್ಲಿ ಬೆಲ್ಲ ಹೇರಿದ ಎರಡು ಗಾಡಿ ನಿಂತಿದ್ದವು. ರೈತರು ಮಧ್ಯಾಹ್ನದಿಂದ ಕಾಯುತ್ತಿದ್ದರು. ಶೆಟ್ಟರ ಮಗಳು ಇಂದುಮತಿ ಒಳಗಿದ್ದಳು, ಗುಮಾಸ್ತ ಕೃಷ್ಣೋಜಿಯೂ ಇದ್ದ. ಬೆಲ್ಲದ ಬಣ್ಣ ಇಬ್ಬರಿಗೂ ಗೊತ್ತು. ಆದರೂ ಬೆಲೆ ಹೇಳಿರಲಿಲ್ಲ.

"ಯಾಕಮ್ಮ ನಿಲ್ಲಿಸಿದ್ದೀಯ?" ಕೇಳಿದರು ಶೆಟ್ಟರು.

"ನೀವು ಬರಲಿ ಅಂತ ಅಪ್ಪಾಜಿ. ಯಾವತ್ತೂ ನಿಮ್ಮನ್ನ ಕೇಳದೆ ಹೇಳಿದ್ದುಂಟಾ?"

ಇರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ. ಜ್ವರ ಬಂದ ದಿನ ಶೆಟ್ಟರು ಮಂಡಿ ಮುಚ್ಚಿಸಿದ್ದರು. ಅದನ್ನು ಹೆಮ್ಮೆಯಿಂದ ಹೇಳಿಕೊಂಡೂ ಇದ್ದರು. ಮೇಷ್ಟ್ರ ಆಟ ಮೇಷ್ಟ್ರು ಹೋದ ಮೇಲೂ ನಡೆಯುತ್ತದೋ ಎಂದು ಪರೀಕ್ಷೆ ಇಟ್ಟವರಿಗೆ ತಮ್ಮ ಅಂಗಡಿ ತಾವಿಲ್ಲದೆ ಒಂದು ಮಧ್ಯಾಹ್ನವೂ ನಡೆಯಲಿಲ್ಲ ಎಂದು ಈಗ ಕಂಡಿತು. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹುಡುಗರನ್ನು ನೋಡಲು ಹೊರಟರು.

ನೋಂದಣಿ ಮುಗಿದ ವಾರಕ್ಕೆ ಶೆಟ್ಟರು ಅರಸೀಕೆರೆಯ ತಂಗಿಯ ಮನೆಗೆ ಹೊರಟು ನಿಂತರು. ಇಂದುಮತಿ ಗಾಬರಿಯಾದಳು.

"ಬೆಲೆ ತಪ್ಪಿದರೆ ಅಪ್ಪಾಜಿ?"

"ತಪ್ಪಲಿ. ತಪ್ಪಿದ್ದು ನಿನ್ನ ಲೆಕ್ಕದಲ್ಲೇ ಇರಲಿ. ಫೋನ್ ಮಾಡಿ ಮಾತ್ರ ಕೇಳಬೇಡ, ನಾನು ಎತ್ತಲ್ಲ."

ಮೂರು ದಿನ ಕಳೆದು ಶೆಟ್ಟರು ಬಂದರು. ಒಂದು ಗಾಡಿ ಬೆಲ್ಲಕ್ಕೆ ಇಂದುಮತಿ ಹೆಚ್ಚು ಬೆಲೆ ಕೊಟ್ಟಿದ್ದಳು, ಅದು ನಷ್ಟ. ಕೃಷ್ಣೋಜಿ ಶೆಟ್ಟರು ಬಿಟ್ಟಿದ್ದ ಹಳೇ ಗಿರಾಕಿಯೊಬ್ಬನನ್ನು ಮರಳಿ ಕರೆತಂದಿದ್ದ, ಅದು ಲಾಭ. ಎರಡೂ ಕೂಡಿ ಕಳೆದರೆ ಕೈಗೆ ಹತ್ತಿದ್ದು ಬಹಳವೇನಿಲ್ಲ.

ನೀತಿ: ನೀವು ಎದುರಿಗಿದ್ದಾಗ ನಡೆಯುವುದು ನಿಮ್ಮ ದುಡಿಮೆ. ನೀವು ಇಲ್ಲದಾಗಲೂ ನಡೆಯುವುದೇ ನಿಮ್ಮ ಆಸ್ತಿ. ಹೇಳಿಕೊಡುವಷ್ಟನ್ನು ಹೇಳಿಕೊಟ್ಟು, ಆಮೇಲೆ ದಾರಿ ಬಿಟ್ಟು ನಿಲ್ಲಿ. ಲೆಕ್ಕ ಬೇಕೆನ್ನುವವರಿಗೆ ಆ ವರ್ಷದ ಲೆಕ್ಕ ಇದು: ಮೇಷ್ಟ್ರಿಗೆ ಬಂದದ್ದು ಒಂದು ಕಪ್, ಹತ್ತು ಗುಂಟೆ ನೆಲ, ಏಳು ಕ್ಯಾಪ್ಟನ್‌ಗಳು. ಶೆಟ್ಟರಿಗೆ ಹೋದದ್ದು ಹತ್ತು ಗುಂಟೆ, ಬಂದವರು ಇಬ್ಬರು ವ್ಯಾಪಾರಿಗಳು.